ಅತಿವಿಶಾಲಕೋನ ಛಾಯಾಗ್ರಹಣ: ದಖ್ಖನಿನ ಕಟ್ಟಡ ಮತ್ತು ಭೂದೃಶ್ಯ

ಸಾಮಾನ್ಯ ಲೆನ್ಸಿಗೆ ಹಿಡಿಯದಷ್ಟು ಅಗಲವಾದ ಅಥವಾ ಎತ್ತರವಾದ ದೃಶ್ಯವನ್ನು, ಹಿಂದೆ ಸರಿಯದೆ, ಒಂದೇ ಚೌಕಟ್ಟಿಗೆ ತರುವ ಛಾಯಾಗ್ರಹಣ ವಿಧಾನ. 36 × 24 ಮಿ.ಮೀ. ಚೌಕಟ್ಟಿನ ಲೆಕ್ಕದಲ್ಲಿ 24 ಮಿ.ಮೀ.ಗಿಂತ ಕಡಿಮೆ ನಾಭಿದೂರದ, ಅಂದರೆ ಮೂಲೆಯಿಂದ ಮೂಲೆಗೆ 84 ಡಿಗ್ರಿಗಿಂತ ಹೆಚ್ಚು ಕೋನ ಹಿಡಿಯುವ ಲೆನ್ಸುಗಳನ್ನು ಈ ಗುಂಪಿಗೆ ಸೇರಿಸುವುದು ವಾಡಿಕೆ. ನೇರ ಗೆರೆಗಳನ್ನು ಬಾಗಿಸುವ ಫಿಶ್‌ಐ ಲೆನ್ಸನ್ನೂ ಹಲವು ಚಿತ್ರಗಳನ್ನು ಜೋಡಿಸಿ ಮಾಡುವ ಪನೋರಮಾವನ್ನೂ ಇದರೊಂದಿಗೆ ಬೆರೆಸುವುದುಂಟು; ಮೂರೂ ಬೇರೆ ಬೇರೆ.

ಲೆನ್ಸುಗಳ ಚರಿತ್ರೆ ಬರೆದವರು ಹೆಚ್ಚಾಗಿ ಡಿಗ್ರಿಗಳನ್ನು ಎಣಿಸಿದ್ದಾರೆ. ಸ್ಮಾರಕಗಳ ಚರಿತ್ರೆ ಬರೆದವರು ಚಿತ್ರದಲ್ಲಿ ಯಾವ ಗುಡಿಯಿದೆ, ಯಾವ ಶಿಲ್ಪವಿದೆ ಎಂದು ನೋಡಿದ್ದಾರೆ. ಕ್ಯಾಮೆರಾ ಎಲ್ಲಿ ನಿಂತಿತ್ತು, ಅಲ್ಲೇ ಏಕೆ ನಿಲ್ಲಬೇಕಾಯಿತು ಎಂಬ ಪ್ರಶ್ನೆ ಎರಡರ ನಡುವೆ ಬಿದ್ದುಹೋಗಿದೆ. ದಖ್ಖನಿನ ಮಟ್ಟಿಗೆ ಅದೇ ಮುಖ್ಯ ಪ್ರಶ್ನೆ. ಇಲ್ಲಿನ ಬಹಳಷ್ಟು ಕಟ್ಟಡಗಳು ಬಂಡೆಯೊಳಗೆ, ಪ್ರಾಕಾರದೊಳಗೆ, ಕಂಬಗಳ ಕತ್ತಲೆಯೊಳಗೆ ಇವೆ.

ಕೈಲಾಸದ ಅಂಗಳ

ಛತ್ರಪತಿ ಸಂಭಾಜಿನಗರದಿಂದ ಎಲ್ಲೋರ ಸುಮಾರು 30 ಕಿ.ಮೀ. ದೂರ. ಅಲ್ಲಿನ 16ನೆಯ ಗುಹೆ, ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ (8ನೆಯ ಶತಮಾನ) ಕೈಲಾಸ ದೇವಾಲಯ, ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಹತ್ತಿರದ ಸಂಬಂಧಿ. ಕಟ್ಟಿದ ಗುಡಿಯಲ್ಲ, ಮೇಲಿನಿಂದ ಕೆಳಕ್ಕೆ ಬಂಡೆ ಕೊರೆದು ಬಿಡಿಸಿದ್ದು. ಕೊರೆದ ಅಂಗಳ ಸುಮಾರು 276 ಅಡಿ ಉದ್ದ, 154 ಅಡಿ ಅಗಲ. ಹಿಂಬದಿಯ ಬಂಡೆ 107 ಅಡಿ ಎತ್ತರ. ವಿಮಾನದ ತುದಿ ನೆಲದಿಂದ ಸುಮಾರು 96 ಅಡಿ.

ಛಾಯಾಗ್ರಾಹಕನ ಕಷ್ಟ ಈ ಅಂಕಿಗಳಲ್ಲೇ ಇದೆ. ಪಕ್ಕದ ಬಂಡೆಗೆ ಬೆನ್ನು ತಾಗಿಸಿ ನಿಂತರೂ ಗುಡಿಯ ನಡುಗೆರೆಯಿಂದ 77 ಅಡಿಗಿಂತ ಆಚೆ ಹೋಗಲಾಗದು. ಅಲ್ಲಿಂದ ಶಿಖರದ ತುದಿ ಕಣ್ಮಟ್ಟಕ್ಕಿಂತ ಸುಮಾರು 50 ಡಿಗ್ರಿ ಮೇಲಿರುತ್ತದೆ. ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದರೆ ಗೋಡೆಗಳು ಒಂದರತ್ತ ಒಂದು ವಾಲಿ ಗುಡಿ ಹಿಂದಕ್ಕೆ ಬೀಳುವಂತೆ ಕಾಣುತ್ತದೆ. ಓರೆ ಮಾಡದೆ ತುದಿಯನ್ನು ಹಿಡಿಯಬೇಕಾದರೆ ಮೇಲೆ 50, ಕೆಳಗೆ 50, ಒಟ್ಟು 100 ಡಿಗ್ರಿಯ ನಿಲುಕೋನ ಬೇಕು. ಕ್ಯಾಮೆರಾವನ್ನು ಉದ್ದುದ್ದ ಹಿಡಿದಾಗ ಅಷ್ಟು ಕೊಡುವುದು 15 ಮಿ.ಮೀ. ಲೆನ್ಸ್. ಆಗಲೂ ಚಿತ್ರದ ಕೆಳಗಿನ ಅರ್ಧಕ್ಕೆ ಅಂಗಳದ ನೆಲ ಬಂದು ಕೂರುತ್ತದೆ. ಲೆನ್ಸನ್ನೇ ಮೇಲಕ್ಕೆ ಸರಿಸುವ ಏರ್ಪಾಡು ಇರುವ ಕ್ಯಾಮೆರಾ ಮಾತ್ರ ಆ ನೆಲವನ್ನು ಬಿಟ್ಟು ಶಿಖರವನ್ನು ತೆಗೆದುಕೊಳ್ಳಬಲ್ಲದು.

ಆದ್ದರಿಂದಲೇ ಕೈಲಾಸದ ಅತಿ ಪರಿಚಿತ ಚಿತ್ರಗಳು ಬಂಡೆಯ ನೆತ್ತಿಗೆ ಹತ್ತಿ, ಮೇಲಿನಿಂದ ಓರೆಯಾಗಿ ತೆಗೆದವು. ಅಲ್ಲಿ ದೂರ ಸಿಗುತ್ತದೆ, ಸಾಧಾರಣ ಲೆನ್ಸ್ ಸಾಕು. ಆದರೆ ಗುಡಿಗೆ ಬಂದ ಭಕ್ತನಾಗಲಿ ಕೆತ್ತಿದ ಶಿಲ್ಪಿಯಾಗಲಿ ಅದನ್ನು ಆ ನೋಟದಿಂದ ನಿತ್ಯ ಕಂಡಿರಲಾರರು. ನಾಸಿಕದ ಪಾಂಡವಲೇಣಿಯಲ್ಲಿ ತೊಂದರೆ ಬೇರೆ ಬಗೆಯದು: ಗುಹೆಗಳ ಮುಂದೆ ಇಕ್ಕಟ್ಟಾದ ಜಗಲಿ, ಅದರಾಚೆ ಇಳಿಜಾರು. ಸಂಭಾಜಿನಗರದಲ್ಲೇ ಇರುವ ಬೀಬಿ ಕಾ ಮಕ್ಬರಾದ ಮುಂದಾದರೋ ಉದ್ದನೆಯ ಉದ್ಯಾನವಿದೆ. ಅಗಲ ಲೆನ್ಸಿನ ಗೊಡವೆಯೇ ಬೇಡ.

ಅಗಲ ಲೆನ್ಸಿಗೆ ಮುಂಚಿನ ಚಿತ್ರಗಳು

ಕನ್ನಡ ನಾಡಿನ ವಾಸ್ತುವಿನ ಮೊದಲ ದೊಡ್ಡ ಛಾಯಾಚಿತ್ರ ಸಂಗ್ರಹಗಳ ವಿಷಯದಲ್ಲಿ ಇಸವಿಗಳ ಗೊಂದಲವಿದೆ. ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರ ಬರಹಗಳೊಂದಿಗೆ ಲಂಡನ್ನಿನ ಜಾನ್ ಮರ್ರೆ ಪ್ರಕಾಶನ ಹೊರತಂದ ಧಾರವಾಡ–ಮೈಸೂರು ವಾಸ್ತುವಿನ ಸಂಪುಟ, ಬಿಜಾಪುರದ ಸಂಪುಟ ಎರಡರ ಮೇಲೂ 1866 ಎಂದಿದೆ. ಚಿತ್ರಗಳು ಮಾತ್ರ ಅದಕ್ಕಿಂತ ಸುಮಾರು ಹತ್ತು ವರ್ಷ ಹಳೆಯವು. ಬಾಂಬೆ ಆರ್ಟಿಲರಿಯ ಕ್ಯಾಪ್ಟನ್ ಥಾಮಸ್ ಬಿಗ್ಸ್ 1855ರಲ್ಲಿ ಬಿಜಾಪುರದಿಂದ ಕೆಲಸ ಆರಂಭಿಸಿ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಸುತ್ತಿದ. ಅವನು ಸೇನೆಗೆ ಮರಳಿದ ಮೇಲೆ ಬಾಂಬೆ ವೈದ್ಯ ಸೇವೆಯ ಡಾ. ವಿಲಿಯಂ ಪಿಗೂ ಕೆಲಸ ಮುಂದುವರಿಸಿದ. ಡಾ. ಆಂಡ್ರ್ಯೂ ನೀಲ್ ಹಳೇಬೀಡಿನ ಕಡೆಯ ಚಿತ್ರಗಳನ್ನು ತೆಗೆದ. ಧಾರವಾಡ–ಮೈಸೂರು ಸಂಪುಟದ ಮುಖಪುಟದಲ್ಲಿ ಮೂವರ ಹೆಸರೂ ಒಟ್ಟಿಗೇ ಇರುವುದರಿಂದ, ಒಬ್ಬನ ಚಿತ್ರ ಇನ್ನೊಬ್ಬನ ಖಾತೆಗೆ ಸೇರುವುದು ಸುಲಭ. ಪಿಗೂ 1858ರಲ್ಲೇ ತೀರಿಕೊಂಡಿದ್ದ; ಪುಸ್ತಕ ಅವನನ್ನು ದಿವಂಗತನೆಂದೇ ಹೆಸರಿಸುತ್ತದೆ.

ಈ ಹತ್ತು ವರ್ಷದ ಅಂತರ ಏಕೆ ಮುಖ್ಯವೆಂದರೆ, ಮೊದಲ ಬಳಕೆಯೋಗ್ಯ ವಿಶಾಲಕೋನ ಲೆನ್ಸುಗಳು ಹುಟ್ಟಿದ್ದು ಇದರ ನಡುವೆಯೇ. 1866ನ್ನೇ ಚಿತ್ರದ ಕಾಲವೆಂದು ಹಿಡಿದರೆ, ಪಟ್ಟದಕಲ್ಲಿನ ಇಡೀ ಗುಡಿ ಚೌಕಟ್ಟಿನೊಳಗೆ ಕೂತದ್ದನ್ನು ಹೊಸ ಲೆನ್ಸಿನ ಮಹಿಮೆ ಎನ್ನಬೇಕಾದೀತು. ಬಿಗ್ಸ್ ಮತ್ತು ಪಿಗೂ ಕೈಯಲ್ಲಿ ಅಂಥದ್ದು ಇರುವ ಸಾಧ್ಯತೆಯೇ ಇರಲಿಲ್ಲ. ಅವರು ಹಿಂದೆ ಸರಿದರು, ಮೂಲೆ ಹಿಡಿದರು, ಎದುರಿನ ಮಾಳಿಗೆ ಹತ್ತಿದರು. ಆಗದ ಕಡೆ ಇಡೀ ಗುಡಿಯನ್ನು ಬಿಟ್ಟು ಒಂದು ಗೋಡೆಯನ್ನೋ ಬಾಗಿಲನ್ನೋ ತೆಗೆದರು. ಬಿಜಾಪುರದ ಗೋಳಗುಮ್ಮಟದ ಸುತ್ತ ಬಯಲಿದೆ. ಹೊರಗಿನ ಚಿತ್ರಕ್ಕೆ ಅಡ್ಡಿಯಿಲ್ಲ. ಒಳಗಿನ ಸುಮಾರು 135 ಅಡಿ ಚೌಕದ ಅಂಗಣ ಹಾಗಲ್ಲ. ಯಾವ ಚೌಕಾಕಾರದ ಕೋಣೆಯ ಮೂಲೆಯಲ್ಲಿ ನಿಂತರೂ ಎರಡು ಪಕ್ಕದ ಗೋಡೆಗಳ ನಡುವೆ ಸರಿಯಾಗಿ 90 ಡಿಗ್ರಿ ಇರುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯಲು ಇಂದಿನ ಲೆಕ್ಕದಲ್ಲಿ 18 ಮಿ.ಮೀ. ಲೆನ್ಸ್ ಬೇಕು.

ಇನ್ನಿಬ್ಬರನ್ನು ಇಲ್ಲಿ ಹೆಸರಿಸಬೇಕು. ಲಿನ್ನಿಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ಬೇಲೂರು, ಹಳೇಬೀಡುಗಳಲ್ಲಿ ತೆಗೆದ ಚಿತ್ರಗಳನ್ನು ಮರುವರ್ಷದ ಮದರಾಸು ಪ್ರದರ್ಶನದಲ್ಲಿ ಇಟ್ಟಿದ್ದ. 1858ರಲ್ಲಿ ತಂಜಾವೂರಿನ ಬೃಹದೀಶ್ವರ ಗುಡಿಯ ಬುಡದ ಶಾಸನಗಳನ್ನು ದಾಖಲಿಸಲು ಅವನು 21 ಮುದ್ರಿತ ಚಿತ್ರಗಳನ್ನು ಉದ್ದಕ್ಕೆ ಜೋಡಿಸಿದ. ಒಂದು ಲೆನ್ಸಿಗೆ ಆಗದ್ದನ್ನು ಕತ್ತರಿ ಮತ್ತು ಅಂಟಿನಿಂದ ಸಾಧಿಸಿದ ರೀತಿಯದು. ಅಜಂತಾ ವರ್ಣಚಿತ್ರಗಳ ನಕಲು ಮಾಡಲು 1844ರಲ್ಲಿ ನೇಮಕಗೊಂಡಿದ್ದ ರಾಬರ್ಟ್ ಗಿಲ್ ಮುಂದೆ ಕ್ಯಾಮೆರಾ ಹಿಡಿದ. ಅವನ 74 ಛಾಯಾಚಿತ್ರಗಳಿರುವ ಗುಹಾದೇವಾಲಯಗಳ ಪುಸ್ತಕ ಫರ್ಗುಸನ್‌ನ ವಿವರಣೆಯೊಂದಿಗೆ 1864ರಲ್ಲಿ ಬಂತು. ಅವು ಜೋಡಿ ಲೆನ್ಸಿನ ಸ್ಟೀರಿಯೋ ಚಿತ್ರಗಳು. ಹಿಡಿಯುವ ಕೋನ ಚಿಕ್ಕದು. ಅದರ ಬದಲಿಗೆ ಆಳದ ಅನುಭವ ಸಿಗುತ್ತಿತ್ತು. ಗುಹೆಯ ಮಟ್ಟಿಗೆ ಅದು ಕೆಟ್ಟ ವಿನಿಮಯವೇನಲ್ಲ. ಗಿಲ್ ಬಿಡಿಸಿದ ನಕಲುಗಳಲ್ಲಿ ಬಹುಪಾಲು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಬೆಂಕಿಯಲ್ಲಿ ಸುಟ್ಟುಹೋದವು.

ಮಸೂರಗಳು

ಇಲ್ಲಿಂದ ಮುಂದಿನ ಕಥೆ ಬೇರೆಡೆ ವಿವರವಾಗಿ ಸಿಗುವುದರಿಂದ ಚುಟುಕಾಗಿ ಹೇಳಬಹುದು. ಥಾಮಸ್ ಸಟನ್ 1859ರಲ್ಲಿ ನೀರು ತುಂಬಿದ ಗಾಜಿನ ಗೋಳದಿಂದ 120 ಡಿಗ್ರಿಯ ಲೆನ್ಸ್ ಮಾಡಿದ. ಅದಕ್ಕೆ ಬಾಗಿದ ಗಾಜಿನ ಫಲಕವೇ ಬೇಕಾಗುತ್ತಿತ್ತು. ಅಮೆರಿಕದ ಹ್ಯಾರಿಸನ್ ಮತ್ತು ಶ್ನಿಟ್ಸರ್ ಅವರ ಗ್ಲೋಬ್ ಲೆನ್ಸ್ (ಪೇಟೆಂಟ್ 1862), ಜರ್ಮನಿಯ ಬುಶ್ ಕಂಪನಿಯ ಪಾಂಟೊಸ್ಕೋಪ್ (1865), ಲಂಡನ್ನಿನ ಡಾಲ್‌ಮೇಯರನ ವಿಶಾಲಕೋನ ರೆಕ್ಟಿಲಿನಿಯರ್ (1866) ಒಂದರ ಬೆನ್ನಿಗೊಂದು ಬಂದವು.

ಸ್ವಲ್ಪ ನಿಂತು ನೋಡಬೇಕಾದದ್ದು 1900ರ ಹೈಪರ್ಗಾನ್. ಬರ್ಲಿನ್ನಿನ ಗೋರ್ಟ್ಸ್ ಕಂಪನಿಗೆ ಎಮಿಲ್ ಫಾನ್ ಹೋಗ್ ರೂಪಿಸಿದ ಇದರಲ್ಲಿ ಇದ್ದದ್ದು ಎರಡೇ ತೆಳು ಗಾಜು. ಹಿಡಿದದ್ದು ಸುಮಾರು 135 ಡಿಗ್ರಿ. ಅಷ್ಟು ಅಗಲದ ಲೆನ್ಸಿನಲ್ಲಿ ಅಂಚಿಗೆ ತಲುಪುವ ಬೆಳಕು ಕೋನದ ಕೊಸೈನಿನ ನಾಲ್ಕನೆಯ ಘಾತದ ಪ್ರಕಾರ ಕುಸಿಯುತ್ತದೆ. ಹೈಪರ್ಗಾನಿನ ತುತ್ತತುದಿಗೆ ನಡುವಿನ ಬೆಳಕಿನ 47ರಲ್ಲಿ ಒಂದು ಪಾಲು ಮಾತ್ರ. ಪರಿಹಾರವಾಗಿ ಲೆನ್ಸಿನ ಮುಂದೆ ನಕ್ಷತ್ರಾಕಾರದ ಪುಟ್ಟ ತಗಡೊಂದನ್ನು ಕೂರಿಸಿದ್ದರು. ರಬ್ಬರ್ ಬುರುಡೆ ಅದುಮಿ ಗಾಳಿಯೂದಿದರೆ ಅದು ಗಿರ್ರನೆ ತಿರುಗಿ ನಡುವಿನ ಬೆಳಕನ್ನು ತಡೆಯುತ್ತಿತ್ತು. ಅಂಚು ಸಾಕಷ್ಟು ಬೆಳಕು ಕುಡಿದ ಮೇಲೆ ನಕ್ಷತ್ರವನ್ನು ಪಕ್ಕಕ್ಕೆ ಮಡಚಿ, ನಡುವಿಗೂ ಕೊಂಚ ಬೆಳಕು ಕೊಟ್ಟು ಚಿತ್ರ ಮುಗಿಸಬೇಕು.

ಮುಂದಿನ ಹೆಜ್ಜೆಗಳಿಗೆ ಕಟ್ಟಡಗಳು ಕಾರಣವಲ್ಲ. ವಿಮಾನದಿಂದ ಭೂಪಟ ಮಾಡುವವರಿಗೆ ಕೋನ ಹೆಚ್ಚಿದಷ್ಟೂ ಹಾರಾಟ ಕಡಿಮೆ. ಟೋಪೋಗಾನ್ (1933), ಸೋವಿಯತ್ ನಾಡಿನ ರೂಸಿನೋವನ ಲೆನ್ಸುಗಳು (1946), ಬೆರ್ಟೆಲೆಯ ಏವಿಯೋಗಾನ್ (1952) ಆ ಅಗತ್ಯದ ಮಕ್ಕಳು. ಇದೇ ವಂಶದ 38 ಮಿ.ಮೀ. ಬಯೋಗಾನನ್ನು ಹೊತ್ತ ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾ 1954ರಲ್ಲಿ ಬಂದು ವಾಸ್ತು ಛಾಯಾಗ್ರಾಹಕರ ಕೈ ಸೇರಿತು. 1969ರ ಹೋಲೋಗಾನ್ 15 ಮಿ.ಮೀ.ನದು; ಕೈಲಾಸದ ಅಂಗಳ ಕೇಳುವ ಅಳತೆ ಅದೇ. ಕನ್ನಡಿಯಿರುವ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಲೆನ್ಸ್ ಫಿಲ್ಮಿಗೆ ಅಷ್ಟು ಸಮೀಪ ಕೂರಲಾರದು. 1950ರಲ್ಲಿ ಫ್ರಾನ್ಸಿನ ಆಂಜೆನ್ಯೂ ತಂದ ರೆಟ್ರೋಫೋಕಸ್ ವಿನ್ಯಾಸ ಆ ಗಂಟನ್ನು ಬಿಡಿಸಿತು. 1976ರ ನಿಕಾನ್ 13 ಮಿ.ಮೀ. ಲೆನ್ಸ್ (118 ಡಿಗ್ರಿ) ಆ ದಾರಿಯಲ್ಲಿ ಬಹುದೂರ ಹೋದದ್ದು.

ಇತ್ತ ಕನ್ನಡ ನಾಡಿನಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಸೋಮನಾಥಪುರ (1917), ಬೇಲೂರು ಮತ್ತು ದೊಡ್ಡಗದ್ದವಳ್ಳಿ (1919) ಗುಡಿಗಳ ಸಚಿತ್ರ ಪುಸ್ತಕಗಳನ್ನೂ, ಹೆನ್ರಿ ಕಸೆನ್ಸ್ ಬಿಜಾಪುರ (1916) ಮತ್ತು ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತು (1926) ಕುರಿತ ಸಂಪುಟಗಳನ್ನೂ ಹೊರತಂದರು.

ಹಂಪಿ: ಒಂದೇ ಜಾಗ, ಎರಡು ಕಾಲ

ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯ ಚಿತ್ರಗಳನ್ನು ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದ. ಒಂದೊಂದು ಹಾಳೆಯೂ ಸುಮಾರು 16 × 18 ಅಂಗುಲ. ಮೊದಲೇ ಸಿದ್ಧಮಾಡಿಟ್ಟುಕೊಳ್ಳಬಹುದಾದ ಈ ಹಾಳೆಗಳು, ಒದ್ದೆಯಾಗಿರುವಾಗಲೇ ಬಳಸಬೇಕಾದ ಕೊಲೋಡಿಯನ್ ಗಾಜಿಗಿಂತ ಬಳ್ಳಾರಿ ಸೀಮೆಯ ಬಿಸಿಲಿಗೆ ಒಗ್ಗುವಂಥವು. ಅವು ವಿದ್ವಾಂಸರ ಬಳಕೆಗೆ ಬಂದದ್ದು ಬಹಳ ತಡವಾಗಿ. ಹಂಪಿಯಲ್ಲಿ ಜಾರ್ಜ್ ಮಿಶೆಲ್ ಮತ್ತು ಜಾನ್ ಫ್ರಿಟ್ಸ್ ಅವರ ಸಂಶೋಧನಾ ತಂಡದೊಂದಿಗೆ 1980ರಿಂದ ಕೆಲಸ ಮಾಡುತ್ತಿದ್ದ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್, 1983ರಲ್ಲಿ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನು ಹುಡುಕಿ ಅಲ್ಲಿಂದಲೇ ಮತ್ತೆ ಚಿತ್ರ ತೆಗೆದರು. ಎರಡನ್ನೂ ಎದುರುಬದುರು ಇಟ್ಟ ಪುಸ್ತಕ ಮಿಶೆಲ್ ಸಂಪಾದಕತ್ವದಲ್ಲಿ 2008ರಲ್ಲಿ ಪ್ರಕಟವಾಯಿತು.

ವಿಠ್ಠಲ ದೇವಾಲಯದ ಕಲ್ಲಿನ ರಥದ ಜೋಡಿ ಇದರಲ್ಲಿ ಅತ್ಯಂತ ಉಪಯುಕ್ತವಾದದ್ದು. 1856ರ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವಿದೆ, 1983ರದರಲ್ಲಿ ಇಲ್ಲ. ಇಂದು ಐವತ್ತು ರೂಪಾಯಿ ನೋಟಿನ ಮೇಲೆ ಕಾಣುವ ಬೋಳು ನೆತ್ತಿಯ ರಥವನ್ನೇ ಮೂಲ ರೂಪವೆಂದು ಭಾವಿಸುವವರಿಗೆ ಈ ಚಿತ್ರವೇ ಉತ್ತರ.

ಲೆನ್ಸಿನ ಚರ್ಚೆಗೂ ಈ ಜೋಡಿಗಳು ಒಂದು ಇತ್ಯರ್ಥ ಕೊಡುತ್ತವೆ. ಅಗಲ ಲೆನ್ಸ್ ಹತ್ತಿರದ್ದನ್ನು ಹಿಗ್ಗಿಸಿ ದೂರದ್ದನ್ನು ಕುಗ್ಗಿಸುತ್ತದೆ ಎಂದು ಎಷ್ಟೋ ಕೈಪಿಡಿಗಳು ಬರೆಯುತ್ತವೆ. ಹಾಗಲ್ಲ. ಹತ್ತಿರದ ಕಂಬ ಮತ್ತು ದೂರದ ಗೋಪುರ ಒಂದಕ್ಕೊಂದು ಯಾವ ಅಳತೆಯಲ್ಲಿ ಕಾಣಬೇಕೆಂಬುದನ್ನು ಕ್ಯಾಮೆರಾ ನಿಂತ ಜಾಗವೇ ನಿರ್ಧರಿಸುತ್ತದೆ. ಆ ನೋಟದಲ್ಲಿ ಎಷ್ಟನ್ನು ಕತ್ತರಿಸಿಕೊಳ್ಳಬೇಕೆಂಬುದಷ್ಟೇ ಲೆನ್ಸಿನ ಪಾಲು. ಅದೇ ಜಾಗ ಸಿಕ್ಕರೆ ಅಗಲ ಲೆನ್ಸಿನ ಚಿತ್ರದ ನಡುಭಾಗವನ್ನು ಕತ್ತರಿಸಿ ಹಳೆಯದರ ಮೇಲಿಟ್ಟು ಕಲ್ಲಿಗೆ ಕಲ್ಲು ಹೋಲಿಸಬಹುದು. ಜಾಗ ತಪ್ಪಿದರೆ ಯಾವ ಲೆನ್ಸೂ ಕೂಡಿಸಿಕೊಡದು.

ಅಂಚಿನ ವಿಕಾರ ಮಾತ್ರ ನಿಜ. ನಡುವಿನಿಂದ 50 ಡಿಗ್ರಿ ಆಚೆಯಿರುವ ಗೋಳ ಚಿತ್ರದಲ್ಲಿ ಒಂದೂವರೆ ಪಟ್ಟು ಉದ್ದದ ಮೊಟ್ಟೆಯಂತಾಗುತ್ತದೆ. ಹೊಯ್ಸಳ ನವರಂಗದ ಕಡೆದ ದುಂಡು ಕಂಬಗಳ ಸಾಲನ್ನು ಎದುರಿನಿಂದ ತೆಗೆದರೆ, ದೂರವಿರುವ ಅಂಚಿನ ಕಂಬಗಳೇ ನಡುವಿನವುಗಳಿಗಿಂತ ದಪ್ಪ ಕಾಣುತ್ತವೆ. ಚಿತ್ರದಿಂದ ಅಳತೆ ತೆಗೆಯುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಭೂದೃಶ್ಯದಲ್ಲಿ ಈ ಲೆನ್ಸಿನ ಗುಣವೇ ತಿರುಗುಬಾಣ. ಜೋಗವನ್ನು ಕಣಿವೆಯ ಎದುರು ದಂಡೆಯಿಂದ 14 ಮಿ.ಮೀ.ನಲ್ಲಿ ತೆಗೆದರೆ 253 ಮೀಟರಿನ ಧಾರೆ ಬಿಳಿ ಎಳೆಯಾಗಿ ಕುಗ್ಗುತ್ತದೆ. ಹಂಪಿಯಲ್ಲಿ ಕಾಲ ಬುಡದಲ್ಲೇ ಗುಂಡು ಇದ್ದು ಹಿಂದೆ ಗೋಪುರವಿರುವುದರಿಂದ ಅದೇ ಲೆನ್ಸ್ ಫಲಿಸುತ್ತದೆ.

ಈಚಿನ ಕಾಲ

ಡಿಜಿಟಲ್ ಯುಗದಲ್ಲಿ ಕೋನದ ಪೈಪೋಟಿ ಮತ್ತೆ ಶುರುವಾಯಿತು. ಕ್ಯಾನನ್ನಿನ 11–24 ಮಿ.ಮೀ. ಜೂಮ್ (2015) 126 ಡಿಗ್ರಿ ಮುಟ್ಟಿತು. ಮರುವರ್ಷದ ಫಾಯ್ಗ್ಟ್‌ಲೆಂಡರ್ 10 ಮಿ.ಮೀ. 130 ಡಿಗ್ರಿ. ಕಟ್ಟಡ ತೆಗೆಯುವವರಿಗೆ ಇವೆರಡಕ್ಕಿಂತ 2009ರ ಕ್ಯಾನನ್ 17 ಮಿ.ಮೀ. ಟಿಲ್ಟ್–ಶಿಫ್ಟ್ ಹೆಚ್ಚಿನದು, ಏಕೆಂದರೆ ಹಳೆಯ ಮರದ ಕ್ಯಾಮೆರಾಗಳಂತೆ ಅದರಲ್ಲಿ ಲೆನ್ಸನ್ನು ಮೇಲಕ್ಕೆ ಸರಿಸಬಹುದು. ಫೋನುಗಳಲ್ಲಿ ಎಲ್‌ಜಿ ಜಿ5 (2016) ಆರಂಭಿಸಿದ ಪದ್ಧತಿ 2019ರಲ್ಲಿ ಗ್ಯಾಲಕ್ಸಿ ಎಸ್10 ಮತ್ತು ಐಫೋನ್ 11 ಮೂಲಕ ಎಲ್ಲರದಾಯಿತು. 13 ಮಿ.ಮೀ.ಗೆ ಸಮನಾದ ಐಫೋನಿನ ಲೆನ್ಸ್ ಕೈಲಾಸದ ಶಿಖರಕ್ಕೆ ಸಾಲುತ್ತದೆ. ಆದರೆ ಸಂವೇದಕ ಚಿಕ್ಕದಾದ್ದರಿಂದ ಗುಹೆಯೊಳಗಿನ ಕತ್ತಲೆಯಲ್ಲಿ ಚಿತ್ರ ಕದಡುತ್ತದೆ; ಅಂಚಿನ ಬಾಗನ್ನು ಫೋನಿನ ತಂತ್ರಾಂಶ ನೆಟ್ಟಗೆ ಮಾಡಿ ಕೊಡುವುದರಿಂದ ಕಾಣುವ ಗೆರೆ ಲೆನ್ಸಿನದೋ ಲೆಕ್ಕದ್ದೋ ಎಂದು ಬೇರ್ಪಡಿಸುವುದು ಕಷ್ಟ.

ಭಾರತೀಯ ಪುರಾತತ್ವ ಸರ್ವೇಕ್ಷಣ 2018ರಲ್ಲಿ ತನ್ನ ಸಂರಕ್ಷಿತ ಸ್ಮಾರಕಗಳಲ್ಲಿ ಸಾರ್ವಜನಿಕರ ಛಾಯಾಗ್ರಹಣಕ್ಕೆ ಅನುಮತಿ ನೀಡುವಾಗ ಅಜಂತಾ ಗುಹೆಗಳನ್ನೂ ಲೇಹ್ ಅರಮನೆಯನ್ನೂ ತಾಜ್‌ಮಹಲಿನ ಗೋರಿಯ ಒಳಾಂಗಣವನ್ನೂ ಹೊರಗಿಟ್ಟಿತು. ಎಲ್ಲೋರ, ಹಂಪಿ, ಪಟ್ಟದಕಲ್ಲುಗಳಲ್ಲಿ ಕೈಯಲ್ಲಿ ಹಿಡಿದ ಕ್ಯಾಮೆರಾಗೆ ಅಡ್ಡಿಯಿಲ್ಲ. ಟ್ರೈಪಾಡಿಗೂ ಡ್ರೋನಿಗೂ ಪ್ರತ್ಯೇಕ ಅನುಮತಿ ಬೇಕು.