ಕಾಶಿಯಲ್ಲಿ ಇರುಳು ಕಳೆದವರು

ಕಾಶಿಯ ಚರಿತ್ರೆ ಬರೆದವರು ದೇಗುಲಗಳನ್ನು ಎಣಿಸಿದ್ದಾರೆ, ಘಾಟುಗಳನ್ನು ವರ್ಣಿಸಿದ್ದಾರೆ, ಕಟ್ಟಿಸಿದ ಅರಸರ ಹಾಗೂ ಕೆಡವಿದ ಅರಸರ ಹೆಸರುಗಳನ್ನು ಪಟ್ಟಿಮಾಡಿದ್ದಾರೆ. ಆದರೆ ನೂರಾರು ಹರದಾರಿ ನಡೆದು ಅಲ್ಲಿಗೆ ತಲುಪಿದ ಯಾತ್ರಿಕನಿಗೆ ಸಂಜೆಯಾಗುತ್ತಲೇ ಎದುರಾಗುತ್ತಿದ್ದ ಪ್ರಶ್ನೆ ತೀರ ಸರಳವಾದುದು: ಈ ರಾತ್ರಿ ಗಂಟುಮೂಟೆ ಇಳಿಸುವುದೆಲ್ಲಿ? ಒಲೆ ಹೂಡಲು ಜಾಗ, ಹತ್ತಿರದಲ್ಲೊಂದು ಬಾವಿ, ನಿದ್ರೆಯಲ್ಲಿ ಕಳ್ಳರು ಬಾರದ ಭರವಸೆ ಇವಿಷ್ಟನ್ನು ಕೊಟ್ಟವರಾರು, ಯಾರಿಗೆ ಕೊಟ್ಟರು, ಯಾವ ಷರತ್ತಿನ ಮೇಲೆ ಕೊಟ್ಟರು ಎಂಬ ವಿಚಾರವೂ ಚರಿತ್ರೆಯೇ. ಕನ್ನಡಿಗರಾದ ನಮಗೆ ಈ ಚರಿತ್ರೆಯಲ್ಲಿ ಒಂದು ಪಾಲಿದೆ. ಅದನ್ನು ನಾವು ಮರೆತಿದ್ದೇವೆ ಎನ್ನುವುದು ಈ ಬರೆಹಕ್ಕೆ ಕಾರಣ.

ರೈಲು ಬರುವುದಕ್ಕೆ ಮೊದಲು ಕಾಶಿಗೆ ಹೊರಟವನು ತನ್ನ ಮನೆಯನ್ನು ತಾನೇ ಹೊತ್ತು ಸಾಗಬೇಕಾಗಿತ್ತು. ಇದರ ಅತ್ಯಂತ ವಿವರವಾದ ದಾಖಲೆ ಸಿಗುವುದು ನಮ್ಮ ನೆರೆಯ ತೆಲುಗಿನಲ್ಲಿ. ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಏನುಗುಲ ವೀರಾಸ್ವಾಮಯ್ಯನವರು 1830ರ ಮೇ 18ರಂದು ಮದರಾಸು ಬಿಟ್ಟು, ಕಡಪ, ಹೈದರಾಬಾದು, ನಾಗಪುರ, ಜಬಲ್ಪುರಗಳ ಮಾರ್ಗವಾಗಿ ಪ್ರಯಾಗ ಮತ್ತು ಕಾಶಿಗಳನ್ನು ಕಂಡು, ಗಯೆ, ಕಲ್ಕತ್ತೆ, ಪುರಿಗಳ ಮೂಲಕ 1831ರ ಸೆಪ್ಟೆಂಬರ್ 3ರಂದು ಹಿಂದಿರುಗಿದರು. ಜೊತೆಯಲ್ಲಿದ್ದವರು ಸುಮಾರು ನೂರು ಮಂದಿ: ಮನೆಯ ಹೆಂಗಸರು, ಬಂಧುಗಳು, ಅಡಿಗೆಯವರು, ಪಲ್ಲಕ್ಕಿ ಹೊರುವ ಬೋಯಿಗಳು, ಆಳುಗಳು. ಡೇರೆಗಳೂ ಜೊತೆಯಲ್ಲೇ ಸಾಗಿದವು. ದಾರಿಯಿಂದ ಮಿತ್ರರಾದ ಕೋಮಲೇಶ್ವರಪುರಂ ಶ್ರೀನಿವಾಸ ಪಿಳ್ಳೆಯವರಿಗೆ ಅವರು ಬರೆದ ಪತ್ರಗಳು 1838ರಲ್ಲಿ ಪುಸ್ತಕವಾಗಿ ಅಚ್ಚಾದವು.

ಈ ಪುಸ್ತಕವನ್ನು ಭಕ್ತಿಗ್ರಂಥವೆಂದು ಕೈಗೆತ್ತಿಕೊಂಡವರಿಗೆ ಆಶ್ಚರ್ಯ ಕಾದಿರುತ್ತದೆ. ಬೀಡುಬಿಟ್ಟ ಊರೂರಿನ ಬಗೆಗೂ ಅಲ್ಲಿ ನೀರು ಹೇಗಿದೆ, ನೆರಳಿದೆಯೆ, ಅಂಗಡಿಯಲ್ಲಿ ಏನು ಸಿಗುತ್ತದೆ, ಇಳಿದುಕೊಳ್ಳಲು ಕಟ್ಟಡವುಂಟೆ ಅಥವಾ ಡೇರೆ ಹೂಡಬೇಕೆ, ಮುಂದಿನ ದಾರಿ ಎಂಥದು ಎಂಬ ಮಾಹಿತಿ ತುಂಬಿದೆ. ತನ್ನ ಹಿಂದೆ ಇನ್ನೊಬ್ಬರು ಬರುತ್ತಾರೆ, ಅವರಿಗೆ ಇದು ಬೇಕಾಗುತ್ತದೆ ಎಂಬ ಎಚ್ಚರ ಆ ಬರೆಹದ್ದು. ಅದನ್ನು ಓದುವಾಗ ನಾವು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಡೇರೆ ಯಜಮಾನರದು; ಅದನ್ನು ಹೊತ್ತು ತಂದು, ಗೂಟ ಬಡಿದು, ಬೆಳಗ್ಗೆ ಕಿತ್ತು ಮಡಿಸಿದ ಕೈಗಳು ಬೇರೆಯವರವು. ಮದುವೆಯ ಮನೆಯಲ್ಲಿ ನಮ್ಮ ವರ ಇಂದಿಗೂ ಛತ್ರಿ, ಕೋಲು, ಪಾದುಕೆಗಳಷ್ಟೇ ಹಿಡಿದು ‘ಕಾಶೀಯಾತ್ರೆ’ಗೆ ಹೊರಡುತ್ತಾನೆ. ನಿಜವಾದ ಕಾಶೀಯಾತ್ರೆಗೆ ಛತ್ರಿ ಕೋಲುಗಳು ಸಾಲುತ್ತಿದ್ದದ್ದು ಸಂನ್ಯಾಸಿಗೆ ಮಾತ್ರ. ಸಂಸಾರಿಗೆ ನೂರು ಜನರ ದಂಡು ಬೇಕಿತ್ತು, ಇಲ್ಲವೇ ದಾರಿಯಲ್ಲಿ ಇತರರ ದಯೆ ಬೇಕಿತ್ತು.

ಆ ದಯೆಗೆ ಉತ್ತರದ ಹೆದ್ದಾರಿಗಳಲ್ಲಿ ಒಂದು ಕಟ್ಟಡದ ರೂಪವಿತ್ತು. ಅದನ್ನು ಸರಾಯಿ ಎಂದರು. ಹದಿನಾರನೆಯ ಶತಮಾನದಲ್ಲಿ ಶೇರ್ ಶಾಹನು ತನ್ನ ರಸ್ತೆಗಳ ಉದ್ದಕ್ಕೂ ಎರಡೆರಡು ಕೋಸಿಗೊಂದರಂತೆ ಸರಾಯಿಗಳನ್ನು ಕಟ್ಟಿಸಿದನೆಂದೂ, ಹಿಂದೂಗಳಿಗೂ ಮುಸಲ್ಮಾನರಿಗೂ ಅಲ್ಲಿ ಪ್ರತ್ಯೇಕ ವ್ಯವಸ್ಥೆಯಿತ್ತೆಂದೂ ಅವನ ಚರಿತ್ರೆಕಾರ ಅಬ್ಬಾಸ್ ಖಾನ್ ಸರ್ವಾನಿ ಬರೆದಿದ್ದಾನೆ. ಸರಾಯಿಯ ರಚನೆಯೇ ಅದರ ಉಪಯೋಗವನ್ನು ಹೇಳುತ್ತದೆ. ಸುತ್ತ ಎತ್ತರದ ಗೋಡೆ, ಗೋಡೆಗೆ ಒತ್ತಿದ ಸಣ್ಣ ಕೋಣೆಗಳ ಸಾಲು, ನಡುವೆ ಗಾಡಿ, ಎತ್ತು, ಒಂಟೆಗಳಿಗೆ ವಿಶಾಲವಾದ ಅಂಗಳ, ಒಂದು ಬಾವಿ, ರಾತ್ರಿ ಮುಚ್ಚುವ ಹೆಬ್ಬಾಗಿಲು. ಹಾಸಿಗೆ, ಪಾತ್ರೆ, ದಿನಸಿ ಎಲ್ಲವೂ ಯಾತ್ರಿಕನವೇ. ಸರಾಯಿ ಕೊಡುತ್ತಿದ್ದುದು ನೆಲ, ನೀರು ಮತ್ತು ಕಾವಲು. ಗಂಗೆಯ ಆಚೆ ದಡದ ಮೊಘಲ್‌ಸರಾಯಿ ತನ್ನ ಹೆಸರಿನಲ್ಲೇ ಈ ನೆನಪನ್ನು ಇಟ್ಟುಕೊಂಡಿತ್ತು. ಅಲ್ಲಿನ ರೈಲು ನಿಲ್ದಾಣಕ್ಕೆ 2018ರಲ್ಲಿ ಬೇರೆ ಹೆಸರು ಬಂತು.

1665ರ ಡಿಸೆಂಬರಿನಲ್ಲಿ ಕಾಶಿಗೆ ಬಂದ ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೇ ಅಲ್ಲಿಯ ಒಂದು ದೊಡ್ಡ ಸರಾಯಿಯನ್ನು ವರ್ಣಿಸಿದ್ದಾನೆ. ಅದರ ಅಂಗಳದ ನಡುವಿನ ಮೊಗಸಾಲೆಗಳಲ್ಲಿ ನೇಯ್ದವರೇ ಕುಳಿತು ಹತ್ತಿಬಟ್ಟೆ, ರೇಷ್ಮೆಗಳನ್ನು ಮಾರುತ್ತಿದ್ದರಂತೆ. ತಂಗುವ ತಾಣವೇ ಸಂತೆಯಾಗಿತ್ತು. ಮುಂದೆ ಬ್ರಿಟಿಷ್ ಸರ್ಕಾರ 1867ರಲ್ಲಿ ಸರಾಯಿ ಕಾಯಿದೆಯನ್ನು ತಂದಿತು. ಕಡತಗಳ ನಡುವೆಯೇ ಬದುಕುವ ನಮ್ಮಂಥವರಿಗೆ ಆ ಕಾಯಿದೆಯ ಒಣ ಭಾಷೆಯಲ್ಲಿಯೂ ಒಂದು ಕಾಳಜಿ ಕಾಣುತ್ತದೆ. ಸರಾಯಿಯನ್ನು ಜಿಲ್ಲಾ ಮ್ಯಾಜಿಸ್ಟ್ರೇಟರಲ್ಲಿ ನೋಂದಾಯಿಸಬೇಕು, ಕೋಣೆ, ಜಗುಲಿ, ಚರಂಡಿ, ಬಾವಿಗಳನ್ನು ಶುಚಿಯಾಗಿಡಬೇಕು, ಗೋಡೆ ಬಾಗಿಲುಗಳನ್ನು ದುರಸ್ತಿ ಮಾಡಿಸಬೇಕು, ಕಾವಲುಗಾರರನ್ನು ನೇಮಿಸಬೇಕು, ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಯಾತ್ರಿಕನಿಗೆ ಏನು ಬೇಕು ಎಂಬುದನ್ನು ಇದಕ್ಕಿಂತ ಚೊಕ್ಕವಾಗಿ ಹೇಳುವುದು ಕಷ್ಟ.

ಸರಾಯಿ ಹೆದ್ದಾರಿಯದು, ಊರೊಳಗಿನ ಆಶ್ರಯ ಬೇರೆ ಬಗೆಯದು. ಕಾಶಿಯೊಳಗೆ ಪ್ರಾಂತಪ್ರಾಂತದ ಜನರು ತಮ್ಮವರಿಗಾಗಿ ಮಠ ಛತ್ರಗಳನ್ನು ಕಟ್ಟಿಕೊಂಡರು. ಗೋದೌಲಿಯಾದ ಬಳಿಯ ಜಂಗಮವಾಡಿ ಮಠ ವೀರಶೈವರ ಪಂಚಪೀಠಗಳಲ್ಲಿ ಒಂದಾದ ಜ್ಞಾನಸಿಂಹಾಸನ ಪೀಠ. ಸುತ್ತಲ ಬಡಾವಣೆಗೂ ಅದರದೇ ಹೆಸರು. ಅಕ್ಬರನಿಂದ ಔರಂಗಜೇಬನವರೆಗಿನ ಮೊಘಲ್ ಬಾದಶಹರ ಫರ್ಮಾನುಗಳು ಆ ಮಠದ ಸಂಗ್ರಹದಲ್ಲಿವೆ. ಕರ್ನಾಟಕದ, ಮಹಾರಾಷ್ಟ್ರದ ಎಷ್ಟೋ ತಲೆಮಾರುಗಳ ಭಕ್ತರು ಅಲ್ಲಿ ಇಳಿದಿದ್ದಾರೆ. ತೀರಿಕೊಂಡ ಹಿರಿಯರ ಹೆಸರಿನಲ್ಲಿ ಅವರು ಒಪ್ಪಿಸಿದ ಶಿವಲಿಂಗಗಳ ರಾಶಿ ಮಠದ ಅಂಗಳವನ್ನೆಲ್ಲ ತುಂಬಿದೆ. ಬ್ರಹ್ಮಘಾಟಿನಲ್ಲಿ ಕರಾವಳಿಯ ಗೌಡ ಸಾರಸ್ವತರ ಕಾಶೀಮಠವಿದೆ. ಹನುಮಾನ್ ಘಾಟಿನ ಸುತ್ತ ದಕ್ಷಿಣದವರ ಒಂದು ಕೇರಿಯೇ ಬೆಳೆದಿದೆ. ತಮಿಳು ಕವಿ ಸುಬ್ರಹ್ಮಣ್ಯ ಭಾರತಿಯವರು 1898ರಿಂದ ಕೆಲವು ವರ್ಷ ಇದ್ದುದು ಅಲ್ಲಿಯೇ. ಅದರ ಮಗ್ಗುಲಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನ ತನ್ನ ಪ್ರಜೆಗಳ ಅನುಕೂಲಕ್ಕಾಗಿ ಘಾಟನ್ನೂ ಛತ್ರವನ್ನೂ ಹೊಂದಿತು. ಇಂದು ಅದಕ್ಕೆ ಕರ್ನಾಟಕ ಘಾಟ್ ಎಂದು ಹೆಸರು. ಛತ್ರದ ಹೊಣೆ ನಮ್ಮ ಮುಜರಾಯಿ ಇಲಾಖೆಯದು.

ಭಾಷೆ ತಿಳಿಯದ ಊರಿನಲ್ಲಿ ಕನ್ನಡದ ಒಂದು ಫಲಕ, ಕನ್ನಡದಲ್ಲಿ ಗದರುವ ಒಬ್ಬ ಛತ್ರದ ಮೇಲ್ವಿಚಾರಕ, ಬಾಳೆಯೆಲೆಯ ಮೇಲೆ ಬಿಸಿ ಅನ್ನ, ಸಾರು ಇವು ಯಾತ್ರಿಕನಿಗೆ ಎಂಥ ನೆಮ್ಮದಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ‘ನಮ್ಮವರಿಗೆ’ ಎಂಬ ಮಾತಿಗೆ ಒಂದು ಹೊರಗೋಡೆಯೂ ಇರುತ್ತದೆ. ಹಳೆಯ ಕಾಲದ ಅನೇಕ ಅನ್ನಸತ್ರಗಳಲ್ಲಿ ಪಂಕ್ತಿ ಒಂದು ಜಾತಿಗೆ ಮೀಸಲಾಗಿತ್ತು. ಮಠದ ಭಕ್ತನಲ್ಲದ, ಸಂಸ್ಥಾನದ ಪ್ರಜೆಯಲ್ಲದ, ಪಂಕ್ತಿಗೆ ಸೇರದ ಯಾತ್ರಿಕನೂ ಕಾಶಿಗೆ ಬರುತ್ತಿದ್ದ. ಅವನಿಗೆ ಉಳಿಯುತ್ತಿದ್ದುದು ಘಾಟಿನ ಮೆಟ್ಟಿಲು, ಮರದ ಬುಡ. ಛತ್ರಗಳ ಚರಿತ್ರೆಯನ್ನು ಬರೆಯುವಾಗ ನಾವು ಸಾಮಾನ್ಯವಾಗಿ ಕಟ್ಟಿಸಿದವರ ಔದಾರ್ಯವನ್ನು ಕೊಂಡಾಡುತ್ತೇವೆ. ಬಾಗಿಲಲ್ಲಿ ಹಿಂದಿರುಗಿದವರ ಲೆಕ್ಕವನ್ನು ಯಾವ ಶಾಸನವೂ ಇಟ್ಟಿಲ್ಲ.

ಈ ವ್ಯವಸ್ಥೆಯನ್ನು ಅಲುಗಾಡಿಸಿದ್ದು ರೈಲು. 1862ರಲ್ಲಿ ಹಳಿ ಮೊಘಲ್‌ಸರಾಯಿಯವರೆಗೆ ಬಂತು. 1887ರಲ್ಲಿ ಗಂಗೆಗೆ ಡಫರಿನ್ ಸೇತುವೆಯಾಯಿತು. ಹದಿನೈದು ತಿಂಗಳ ಯಾತ್ರೆ ಕೆಲವೇ ದಿನಗಳದಾಯಿತು. ನೂರು ಜನರ ದಂಡು ಕಟ್ಟಲಾರದ ಬಡವರು, ವಿಧವೆಯರು, ವೃದ್ಧರು ಮೂರನೆಯ ದರ್ಜೆಯ ಚೀಟಿ ಕೊಂಡು ಹೊರಟರು. ಡೇರೆ ಮನೆಯಲ್ಲೇ ಉಳಿಯಿತು. ಡೇರೆಯಿಲ್ಲದೆ ಬಂದ ಈ ಜನಸಮೂಹವನ್ನು ನಿಲ್ದಾಣದಲ್ಲೇ ಎದುರುಗೊಂಡವರು ಪಂಡಾಗಳು. ಅವರಲ್ಲಿ ವಂಶವಂಶದ ಯಾತ್ರಿಕರ ಹೆಸರು ಬರೆದಿಟ್ಟ ಬಹಿಗಳಿದ್ದವು. ‘ನಿಮ್ಮ ತಾತ ನಮ್ಮ ಮನೆಯಲ್ಲೇ ಇಳಿದಿದ್ದರು’ ಎಂಬ ಮಾತಿಗೆ ಪುರಾವೆಯಿತ್ತು. ಪಂಡಾನ ಮನೆಯೇ ವಸತಿಗೃಹವಾಯಿತು.

1902ರಲ್ಲಿ ಮೂರನೆಯ ದರ್ಜೆಯಲ್ಲಿ ಪಯಣಿಸುತ್ತ ಕಾಶಿಯಲ್ಲಿ ಇಳಿದ ಗಾಂಧಿಯವರು ಹೀಗೆಯೇ ಒಬ್ಬ ಪಂಡಾನನ್ನು ಆರಿಸಿಕೊಂಡರು. ಮುತ್ತಿಕೊಂಡವರಲ್ಲಿ ಶುಚಿಯಾಗಿ ಕಂಡವನೊಬ್ಬನ ಹಿಂದೆ ಹೋದುದಾಗಿ, ಅಂಗಳದಲ್ಲಿ ಹಸುವಿದ್ದ ಮನೆಯ ಮಾಳಿಗೆಯಲ್ಲಿ ತಂಗಿದುದಾಗಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಒಂದು ರೂಪಾಯಿ ನಾಲ್ಕಾಣೆಗಿಂತ ಹೆಚ್ಚು ದಕ್ಷಿಣೆ ಕೊಡಲಾಗದೆಂದು ಅವರು ಮೊದಲೇ ಹೇಳಿದ್ದರು, ಪಂಡಾ ಒಪ್ಪಿದ್ದ. ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಇಲ್ಲಿ ಚಾಸರನ ಕ್ಯಾಂಟರ್ಬರಿ ಯಾತ್ರಿಕರು ನೆನಪಾಗುವುದು ಸಹಜ. ಅವರು ಲಂಡನ್ನಿನ ಸೌತ್‌ವರ್ಕಿನ ಟಬಾರ್ಡ್ ಎಂಬ ಹೋಟೆಲಿನಲ್ಲಿ ಒಟ್ಟುಗೂಡುತ್ತಾರೆ. ನೈಟ್ ಎಂಬ ಸರದಾರನೂ ಗಿರಣಿಯವನೂ ಒಂದೇ ಸೂರಿನಡಿ ಮಲಗುತ್ತಾರೆ. ಹಣ ಕೊಟ್ಟವನಿಗೆಲ್ಲ ಟಬಾರ್ಡಿನ ಬಾಗಿಲು ತೆರೆದಿತ್ತು. ಕಾಶಿಯ ಪಂಡಾನ ಬಾಗಿಲು ಯಾತ್ರಿಕನ ಊರು ಮತ್ತು ಕುಲ ಕೇಳಿದ ಮೇಲೆ ತೆರೆಯುತ್ತಿತ್ತು. ಒಂದರಲ್ಲಿ ಸಮಾನತೆಯಿದೆ, ಗುರುತಿಲ್ಲ. ಇನ್ನೊಂದರಲ್ಲಿ ಗುರುತಿದೆ, ಸಮಾನತೆಯಿಲ್ಲ.

ಇವೆರಡನ್ನೂ ಮೀರಿದ ಒಂದು ದಾರಿಯನ್ನು ಬಹು ಹಿಂದೆ ತೋರಿಸಿದ್ದು ಕನ್ನಡ ನಾಡೇ. 1279ರಲ್ಲಿ ಹೊಯ್ಸಳ ಅರಸ ಮೂರನೆಯ ನರಸಿಂಹನು ಹೆಬ್ಬಾಲೆ ಗ್ರಾಮದ ಉತ್ಪತ್ತಿಯನ್ನು, ವರ್ಷಕ್ಕೆ 645 ನಿಷ್ಕಗಳನ್ನು, ಕಾಶಿಗಾಗಿ ದತ್ತಿ ಬಿಟ್ಟನು. ಅಲ್ಲಿನ ಜನ ತುರುಷ್ಕ ಆಡಳಿತಕ್ಕೆ ತೆರಬೇಕಾಗಿದ್ದ ಸುಂಕವನ್ನು ಭರಿಸುವುದಕ್ಕೂ ವಿಶ್ವೇಶ್ವರನ ಸೇವೆಗೂ ಈ ಹಣ. ನಮ್ಮ ಕಣ್ಣು ನಿಲ್ಲಬೇಕಾದುದು ಶಾಸನ ಕೊಡುವ ಫಲಾನುಭವಿಗಳ ಪಟ್ಟಿಯ ಮೇಲೆ. ಕರ್ನಾಟಕದವರು ಮಾತ್ರವಲ್ಲದೆ ತೆಲಂಗಾಣ, ತುಳು, ಮಲೆಯಾಳ, ತೀರಭುಕ್ತಿ, ಗೌಡ ದೇಶದವರೂ ಅದರಲ್ಲಿದ್ದಾರೆ. ತೀರಭುಕ್ತಿಯೂ ಗೌಡವೂ ದ್ವಾರಸಮುದ್ರಕ್ಕೆ ಎಷ್ಟು ದೂರ! ಅಲ್ಲಿಯವರಿಂದ ಹೊಯ್ಸಳ ಬೊಕ್ಕಸಕ್ಕೆ ಒಂದು ಹಣವೂ ಬರುತ್ತಿರಲಿಲ್ಲ. ಆದರೂ ಹಾಸನದ ಸೀಮೆಯ ರೈತನ ಬೆಳೆಯ ಪಾಲು ಅವರ ಹೆಸರಿಗೂ ಸಂದಿತು. ಆ ಅರಸನ ಮನಸ್ಸಿನಲ್ಲಿ ಕಾಶಿಗೆ ಬಂದವನೆಂಬುದೇ ಸಾಕಾದ ಅರ್ಹತೆಯಾಗಿತ್ತು.

2022ರಲ್ಲಿ ಕರ್ನಾಟಕ ಸರ್ಕಾರ ರಾಜ್ಯದ ಕಾಶೀಯಾತ್ರಿಕರಿಗೆ ತಲಾ 5,000 ರೂಪಾಯಿ ಸಹಾಯಧನ ಘೋಷಿಸಿತು. ಅದೇ ವರ್ಷದ ನವೆಂಬರ್ 11ರಂದು ಬೆಂಗಳೂರಿನಿಂದ ಭಾರತ್ ಗೌರವ್ ಕಾಶೀ ದರ್ಶನ ರೈಲು ಹೊರಟಿತು. ಊಟ, ನಿದ್ರೆಗಳನ್ನು ಹಳಿಯ ಮೇಲೆಯೇ ಒದಗಿಸುವ ಈ ರೈಲು ವೀರಾಸ್ವಾಮಯ್ಯನವರ ದಂಡಿನ ಇಂದಿನ ರೂಪ. 2023ರ ಜನವರಿ 13ರಂದು ಗಂಗೆಯ ಎದುರು ದಡದ ಮರಳಿನ ಮೇಲೆ ಡೇರೆಗಳ ಒಂದು ನಗರ ಉದ್ಘಾಟನೆಯಾಯಿತು. ಹಣವಂತ ಪ್ರವಾಸಿಗಳಿಗಾಗಿ ಹೂಡಿದ ಆ ಡೇರೆಗಳಿಂದ ನದಿಗೆ ಹಾನಿಯೆಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಡೇರೆಗೆ ಎರಡು ಶತಮಾನಗಳಲ್ಲಿ ಎಂಥ ಪರಿವರ್ತನೆ! ಅಂದು ತಂಗಲು ಜಾಗವಿಲ್ಲದ್ದರಿಂದ ಹೂಡಿದ್ದು, ಇಂದು ವಿಲಾಸದ ವಸ್ತು.

ಇವುಗಳ ನಡುವೆ ಮೂರನೆಯ ಬಗೆಯ ಯಾತ್ರಿಕರೊಬ್ಬರಿದ್ದಾರೆ, ಅವರು ಯಾವ ವರದಿಯಲ್ಲೂ ಕಾಣುವುದಿಲ್ಲ. ನಮ್ಮ ಹಳ್ಳಿಗಳಿಂದ ನಲವತ್ತು ಐವತ್ತು ಮಂದಿ ಸೇರಿ ಬಸ್ಸು ಗೊತ್ತುಮಾಡಿಕೊಂಡು ಹೊರಡುತ್ತಾರೆ. ಅಕ್ಕಿ, ಬೇಳೆ, ಒಣಗಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ದೊಡ್ಡ ಪಾತ್ರೆಗಳು, ಒಲೆ, ಸಿಲಿಂಡರ್, ಒಬ್ಬ ಅಡಿಗೆಯವ ಎಲ್ಲ ಬಸ್ಸಿನಲ್ಲೇ. ಬೆಂಗಳೂರಿನಿಂದ ಕಾಶಿಗೆ ಸುಮಾರು 1,800 ಕಿಲೋಮೀಟರ್. ದಾರಿಯುದ್ದಕ್ಕೂ ಪೆಟ್ರೋಲ್ ಬಂಕಿನ ಅಂಚಿನಲ್ಲಿ, ಢಾಬಾದ ಹಿಂಭಾಗದಲ್ಲಿ, ಕಾಲುವೆಯ ದಂಡೆಯಲ್ಲಿ ಅವರು ಬಸ್ಸು ನಿಲ್ಲಿಸಿ ಅಡಿಗೆ ಮಾಡಿ ಉಣ್ಣುತ್ತಾರೆ. ಹೆಂಗಸರು ಬೆಳಕು ಹರಿಯುವ ಮುನ್ನ ಎದ್ದು ಮರೆ ಹುಡುಕುತ್ತಾರೆ. ಇವರೇ ಹಳೆಯ ಯಾತ್ರೆಯ ನಿಜವಾದ ವಾರಸುದಾರರು, ಇಂದಿಗೂ ಮನೆಯನ್ನು ಹೊತ್ತು ನಡೆಯುವವರು.

ಅಮೆರಿಕದಲ್ಲಿ ನೆಲೆಸಿದ ನಮ್ಮ ಕನ್ನಡ ಬಂಧುಗಳು ಬೇಸಗೆ ರಜೆಯಲ್ಲಿ ಮನೆಯಂಥ ವಾಹನಗಳಲ್ಲಿ ಸುತ್ತುವುದನ್ನು ಹೇಳುತ್ತಿರುತ್ತಾರೆ. ಅಂಥ ವಾಹನಗಳಿಗೆಂದೇ ಅಲ್ಲಿ ತಂಗುದಾಣಗಳಿವೆ. 1962ರಲ್ಲಿ ಸಿಯಾಟಲ್ಲಿನ ವಿಶ್ವಮೇಳಕ್ಕೆ ಹೊರಟ ಜನ ಮೊಂಟಾನಾದ ಬಿಲ್ಲಿಂಗ್ಸ್ ಊರಿನ ಮೂಲಕ ಹಾದುಹೋಗುತ್ತಿದ್ದರು. ಅಲ್ಲಿನ ಉದ್ಯಮಿಯೊಬ್ಬರು ನದಿಯ ಪಕ್ಕದ ಜಾಗದಲ್ಲಿ ಬಿಸಿನೀರಿನ ಸ್ನಾನ, ಶೌಚಾಲಯ, ಮೇಜು, ಒಲೆ ಹೂಡುವ ಗುಂಡಿ, ಒಂದು ಸಣ್ಣ ಅಂಗಡಿ ಒದಗಿಸಿದರು. ಬಾಡಿಗೆ ರಾತ್ರಿಗೆ 1.75 ಡಾಲರ್. ಆ ಒಂದು ಜಾಗದಿಂದ ಒಂದು ದೊಡ್ಡ ಉದ್ಯಮವೇ ಬೆಳೆಯಿತು. ಆ ಪಟ್ಟಿಯನ್ನು 1867ರ ಸರಾಯಿ ಕಾಯಿದೆಯ ಪಕ್ಕದಲ್ಲಿ ಇಟ್ಟು ನೋಡಿದರೆ ವ್ಯತ್ಯಾಸ ಹೆಚ್ಚಿಲ್ಲ. ಮೇಳಕ್ಕೆ ಹೊರಟವನಿಗೂ ಮೋಕ್ಷಕ್ಕೆ ಹೊರಟವನಿಗೂ ರಾತ್ರಿ ಬೇಕಾಗುವುದು ಒಂದೇ.

ನಮ್ಮ ಹೆದ್ದಾರಿಗಳು ಈಗ ಅಗಲವಾಗಿವೆ, ನುಣುಪಾಗಿವೆ. ಅವುಗಳ ಬದಿಯಲ್ಲಿ ಸುತ್ತುಗೋಡೆಯಿರುವ ಒಂದು ಅಂಗಳ, ನಲ್ಲಿ, ಹೆಂಗಸರಿಗೆ ಬೀಗವಿರುವ ಶೌಚಾಲಯ, ಒಲೆ ಹೂಡಲು ಕಟ್ಟೆ, ಕಾಣುವಂತೆ ಬರೆದ ದರಪಟ್ಟಿ, ರಾತ್ರಿ ಒಬ್ಬ ಕಾವಲುಗಾರ, ಇಷ್ಟನ್ನು ಅಲ್ಲಲ್ಲಿ ಒದಗಿಸುವುದು ಯಾವ ಸರ್ಕಾರಕ್ಕೂ ಹೊರೆಯಲ್ಲ. ಸಹಾಯಧನ ಯಾತ್ರಿಕನ ಖಾತೆಗೆ ಬರುತ್ತದೆ. ಆದರೆ ಝಾನ್ಸಿಯಾಚೆಯ ಕತ್ತಲಲ್ಲಿ ನಿಂತ ಬಸ್ಸಿನ ಅಜ್ಜಿಗೆ ಆ ಹಣದಿಂದ ಮರೆ ಸಿಗುವುದಿಲ್ಲ. ಕಟ್ಟುವುದಾದರೆ ಯಾವ ರಾಜ್ಯದ, ಯಾವ ಜಾತಿಯ ಬಸ್ಸೆಂದು ಕೇಳದ ಅಂಗಳಗಳನ್ನೇ ಕಟ್ಟಬೇಕು. ಹೆಬ್ಬಾಲೆಯ ಉತ್ಪತ್ತಿಯಲ್ಲಿ ಗೌಡ ದೇಶದವನಿಗೂ ಪಾಲಿಟ್ಟ ನಾಡಿನವರು ನಾವು. ಇದನ್ನು ಕೇಳುವ ಅಧಿಕಾರ ನಮಗಿದೆ, ಮೊದಲು ಮಾಡಿ ತೋರಿಸುವ ಹೊಣೆಯೂ ನಮ್ಮದೇ.