ಒಳಲೆಯೂ ಸೀಸೆಯೂ

ಹಸುಗೂಸಿನ ತಾಯಿ ಮನೆಯನ್ನು ಬಿಟ್ಟು ದುಡಿಯಹೋಗುವುದು ಈಚೆಗೆ ಬಂದ ಪದ್ಧತಿಯೆಂದು ಹಲವರು ಎಣಿಸಿರುವರು. ಇದು ಸರಿಯಾದ ಅಭಿಪ್ರಾಯವಲ್ಲ. ನಾಟಿಗೂ ಕಳೆಗೂ ಹೋಗುತ್ತಿದ್ದ ಒಕ್ಕಲಗಿತ್ತಿಯು ಹೊಲದ ಬದುವಿನ ಮರಕ್ಕೆ ಸೀರೆಯ ಜೋಲಿಯನ್ನು ಕಟ್ಟಿ ಮಗುವನ್ನು ಮಲಗಿಸುವಳು. ಅದು ಅತ್ತಾಗ ಬಂದು ಹಾಲೂಡಿಸಿ ಮತ್ತೆ ಕೆಲಸಕ್ಕಿಳಿಯುವಳು. ಅಲ್ಲಿ ಕೆಲಸವೂ ಕೂಸೂ ಒಂದು ಕೂಗಳತೆಯೊಳಗಿದ್ದುವು. ಆ ಕೂಗಳತೆ ತಪ್ಪಿದಲ್ಲಿಯೇ ಮೇಲುಹಾಲಿನ ಕಷ್ಟಚರಿತ್ರೆಯು ಮೊದಲಾಗುವುದು.

ತಾಯಿಯ ಸ್ತನ್ಯವೇ ಶ್ರೇಷ್ಠವೆಂದು ಒಪ್ಪಿಯೂ, ಅದು ದೊರೆಯದೆಡೆಯಲ್ಲಿ ಮಾಡತಕ್ಕುದನ್ನು ನಮ್ಮ ವೈದ್ಯಶಾಸ್ತ್ರಕಾರರು ವಿಚಾರಿಸದೆ ಬಿಡಲಿಲ್ಲ. ವಾಗ್ಭಟನು ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಇಬ್ಬರು ಧಾತ್ರಿಯರನ್ನು ಹೇಳಿ, ಸ್ತನ್ಯಾಭಾವದಲ್ಲಿ ಆಡಿನ ಅಥವಾ ಹಸುವಿನ ಹಾಲನ್ನು ಮೂಲಿಕೆಗಳಿಂದ ಸಂಸ್ಕರಿಸಿ ಕೊಡಬೇಕೆಂದು ವಿಧಿಸಿರುವನು. ಧಾತ್ರಿಯಾದರೋ ಉಳ್ಳವರ ಮನೆಯ ಮಾತು. ಅವಳ ಸ್ವಂತ ಕೂಸು ಏನನ್ನು ಕುಡಿಯುತ್ತಿತ್ತೆಂದು ಕೇಳಿದವರು ವಿರಳ. ಕನ್ನಡನಾಡಿನ ಮನೆಗಳಲ್ಲಿ ಮೇಲುಹಾಲಿಗೆ ಇದ್ದ ಸಾಧನವು ಒಳಲೆ: ಬೆಳ್ಳಿಯದೋ ಹಿತ್ತಾಳೆಯದೋ, ಮೂತಿಯುಳ್ಳ ಕಿರಿಯ ಪಾತ್ರೆ. ಬಾಯಿ ತೆರೆದಿರುವುದರಿಂದ ಬೆರಳಿಟ್ಟು ಉಜ್ಜಿ ತೊಳೆಯಬಹುದು. ಆದರೆ ಒಳಲೆಯಿಂದ ಕುಡಿಸಲು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಸಾವಧಾನವಾಗಿ ಕುಳಿತುಕೊಳ್ಳುವ ಅಜ್ಜಿಯೊಬ್ಬಳು ಬೇಕು.

ಅಂತಹ ಅಜ್ಜಿಯಿಲ್ಲದ ಮನೆಗಳಿಗಾಗಿಯೇ ಬಂದಿತೋ ಎಂಬಂತೆ 19ನೆಯ ಶತಮಾನದ ಯೂರೋಪಿನಲ್ಲಿ ಉದ್ದವಾದ ರಬ್ಬರಿನ ನಳಿಗೆಯುಳ್ಳ ಗಾಜಿನ ಸೀಸೆಯು ಬಳಕೆಗೆ ಬಂದಿತು. ಮಗು ಮಲಗಿದಲ್ಲಿಯೇ ತಾನಾಗಿ ಚೀಪುತ್ತಿತ್ತು; ಹಿಡಿಯುವ ಕೈಯೇ ಬೇಡ. ಅನುಕೂಲವು ದೊಡ್ಡದು, ಅನರ್ಥವು ಅದಕ್ಕಿಂತ ದೊಡ್ಡದು. ನಳಿಗೆಯೊಳಗೆ ಅಂಟಿದ ಹಾಲು ಹುಳಿತು ಕೊಳೆಯುವುದು. ಅದನ್ನು ಚೆನ್ನಾಗಿ ತೊಳೆಯುವ ಉಪಾಯವಿಲ್ಲ. ಬೇಸಗೆಯ ಭೇದಿಯಿಂದ ಎಳೆಯ ಶಿಶುಗಳು ಗುಂಪುಗುಂಪಾಗಿ ಸತ್ತುವು. ಫ್ರಾನ್ಸು ದೇಶವು 1910ರಲ್ಲಿ ಈ ಸೀಸೆಯನ್ನು ಕಾಯಿದೆಯಿಂದಲೇ ನಿಷೇಧಿಸಬೇಕಾಯಿತು. ಮುಂಬಯಿಯ ಹತ್ತಿಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರ ಸ್ಥಿತಿ ಇನ್ನೂ ದಾರುಣವಾಗಿತ್ತು. ತಾಯಿ ಬರುವವರೆಗೆ ಅಳದೆ ಮಲಗಿರಲೆಂದು ಕೂಸಿಗೆ ಅಫೀಮಿನ ಗುಳಿಗೆಯನ್ನು ಕೊಡುತ್ತಿದ್ದ ಸಂಗತಿಯು 1922ರಲ್ಲಿ ಅಲ್ಲಿನ ಸರಕಾರಕ್ಕಾಗಿ ವಿಚಾರಣೆ ನಡೆಸಿದ ವೈದ್ಯೆಯೊಬ್ಬರ ವರದಿಯಿಂದ ಪ್ರಕಟವಾಯಿತು. ಆ ತಾಯಂದಿರನ್ನು ನಿಂದಿಸುವುದು ಸುಲಭ. ಗಿರಣಿಯ ಗಂಟೆಯನ್ನು ನಿಂದಿಸಿದವರು ಕಡಮೆ.

ಮೊಲೆಹಾಲು, ಮೇಲುಹಾಲುಗಳೆರಡನ್ನೂ ವಿವೇಕದಿಂದ ಕೂಡಿಸಿದ ಕೀರ್ತಿಯು ಪ್ಯಾರಿಸ್ಸಿನ ವೈದ್ಯ ಪಿಯರ್ ಬುದ್ಯಾನಿಗೆ ಸಲ್ಲತಕ್ಕುದು. 1892ರಲ್ಲಿ ಆತನು ಶಾರಿತೆ ಆಸ್ಪತ್ರೆಯಲ್ಲಿ ಬಾಣಂತಿಯರನ್ನು ಮತ್ತೆ ಮತ್ತೆ ಬರಮಾಡಿಕೊಂಡು ಮಕ್ಕಳನ್ನು ತೂಗಿ ನೋಡುವ ಏರ್ಪಾಡನ್ನು ಮಾಡಿದನು. ತಾಯಿ ತನ್ನಿಂದಾದಷ್ಟು ಹಾಲೂಡಿಸಬೇಕು. ಕೊರತೆ ಬಿದ್ದಷ್ಟನ್ನು ಮಾತ್ರ ಕುದಿಬಿಸಿಯಲ್ಲಿ ಶುದ್ಧಿಮಾಡಿದ ಹಸುವಿನ ಹಾಲಿನಿಂದ ತುಂಬಬೇಕು. ಎರಡು ವರ್ಷಗಳ ಮೇಲೆ ಫೇಕಾನ್ ಎಂಬ ಕಡಲತೀರದ ಊರಿನಲ್ಲಿ ಲಿಯೋನ್ ದ್ಯುಫೂರನು ‘ಹಾಲಿನ ಹನಿ’ಯೆಂಬ ಸಂಸ್ಥೆಯನ್ನು ತೆರೆದು, ಒಂದೊಂದು ಊಡಿಕೆಗೆ ಒಂದೊಂದರಂತೆ ದಿನದ ಸೀಸೆಗಳನ್ನು ಬುಟ್ಟಿಯಲ್ಲಿಟ್ಟು ಕೊಡಿಸಿದನು. ಬುದ್ಯಾನನ ಕ್ರಮದಲ್ಲಿ ಒಂದು ಸೂಕ್ಷ್ಮವಿದೆ. ಬಾವಿಯ ಊಟೆಯಂತೆ, ಬರಿದಾದಷ್ಟೂ ಹಾಲು ಊರುವುದು; ಕುಡಿಯುವ ಬಾಯಿ ದೂರವಾದರೆ ಎದೆ ಬತ್ತುವುದು. ಆದಕಾರಣ ಸೀಸೆಯೊಂದನ್ನೇ ನೆಚ್ಚಿ, ಹಗಲೆಲ್ಲ ಹಾಲನ್ನು ಹಿಂಡದೆ ಬಿಟ್ಟ ತಾಯಿಗೆ ಕೆಲವು ವಾರಗಳಲ್ಲಿಯೇ ರಾತ್ರಿಯ ಹಾಲಿಗೂ ಕೊರತೆಯಾಗುವುದು.

ಇಷ್ಟು ತಿಳಿದ ಮೇಲೆ ಕಾನೂನು ಕೂಗಳತೆಯನ್ನು ಮರಳಿ ಕೊಡಲು ಯತ್ನಿಸಿತು. ವಾಷಿಂಗ್ಟನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು 1919ರಲ್ಲಿ ದಿನಕ್ಕೆರಡು ಬಾರಿ ಅರ್ಧ ಗಂಟೆಯ ಬಿಡುವನ್ನು ವಿಧಿಸಿತು. ಭಾರತದ 1948ರ ಕಾರ್ಖಾನೆ ಕಾಯಿದೆಯು 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವೆಡೆ ಶಿಶುಪಾಲನೆಯ ಕೊಠಡಿಯಿರಬೇಕೆಂದಿತು. 1961ರ ಕಾಯಿದೆಯು ಮಗುವಿಗೆ 15 ತಿಂಗಳು ತುಂಬುವವರೆಗೆ ಎರಡು ಬಿಡುವುಗಳನ್ನು ಕೊಟ್ಟಿತು. 2017ರ ತಿದ್ದುಪಡಿಯಿಂದ ಮೊದಲೆರಡು ಹೆರಿಗೆಗಳಿಗೆ ರಜೆಯು 26 ವಾರಗಳಿಗೆ ಏರಿತು. ಕೂಲಿಯವಳಿಗೂ ಮನೆಗೆಲಸದವಳಿಗೂ ಇವುಗಳ ನೆರಳು ಬಹುಮಟ್ಟಿಗೆ ತಾಕಲಿಲ್ಲ.

ಹಳೆಯದೆಂದು ಅಟ್ಟಕ್ಕೇರಿದ್ದ ಒಳಲೆಯು ಈ ನಡುವೆ ಆಸ್ಪತ್ರೆಗಳಿಗೆ ಹಿಂದಿರುಗಿದೆ. ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಹಿಂಡಿದ ತಾಯಿಹಾಲನ್ನು ವೈದ್ಯರು ಅದರಿಂದಲೇ ಕುಡಿಸುವರು. ಕೆಲಸಕ್ಕೆ ಹೋಗುವ ತಾಯಿ ಬೆಳಿಗ್ಗೆ ಹಿಂಡಿಟ್ಟ ಹಾಲಿಗೂ, ಸೀಸೆಗಿಂತ ಬಟ್ಟಲನ್ನಾಗಲಿ ಒಳಲೆಯನ್ನಾಗಲಿ ಬಳಸುವುದು ಲೇಸೆನ್ನುವರು. ತೊಡೆಯ ಮೇಲಿಟ್ಟುಕೊಂಡು ಕುಡಿಸುವವರೊಬ್ಬರು ಮಾತ್ರ ಈಗಲೂ ಬೇಕು.