ರಿವರ್ಸ್ ಸ್ವಿಂಗ್: ಒಂದು ಹೆಸರಿನ ಪೂರ್ವೋತ್ತರ

ಬೌಲರನ ಕೈಬಿಟ್ಟ ಚೆಂಡು ನೆಲ ಮುಟ್ಟುವ ಮೊದಲೇ ಗಾಳಿಯಲ್ಲಿ ಪಕ್ಕಕ್ಕೆ ಬಾಗುವುದಕ್ಕೆ ಕ್ರಿಕೆಟ್ಟಿನಲ್ಲಿ ಸ್ವಿಂಗ್ ಎಂದು ಹೆಸರು. ಹೊಸ ಚೆಂಡು, ಅದರ ನಡುವಿನ ಉಬ್ಬಿದ ಹೊಲಿಗೆ, ಅಂದರೆ ಸೀಮ್, ಯಾವ ಕಡೆಗೆ ಓರೆಯಾಗಿ ನಿಂತಿದೆಯೋ ಆ ಕಡೆಗೇ, ಅಂದರೆ ಹೊಳಪಿನ ಮಗ್ಗುಲಿಗೆ ಎದುರಾಗಿ, ಬಾಗುವುದರಿಂದ ಬ್ಯಾಟ್ಸ್‌ಮನ್ ಹೊಳಪಿನ ಮಗ್ಗುಲು ಎತ್ತ ಇದೆಯೆಂದು ನೋಡಿ ಅದಕ್ಕೆ ಎದುರು ದಿಕ್ಕನ್ನು ಲೆಕ್ಕಹಾಕಬಲ್ಲನು. ಆದರೆ ಹಲವು ಓವರುಗಳಲ್ಲಿ ಸವೆದು ಒಂದು ಮಗ್ಗುಲು ಪೂರ್ತಿ ಒರಟಾಗಿ, ಇನ್ನೊಂದನ್ನು ಬೆವರು ಹಚ್ಚಿ ಪ್ಯಾಂಟಿಗೆ ಉಜ್ಜಿ ಉಜ್ಜಿ ಹೊಳಪಾಗಿ ಉಳಿಸಿಕೊಂಡ ಹಳೆಯ ಚೆಂಡನ್ನು ವೇಗವಾಗಿ ಎಸೆದಾಗ ಅದು ಹೊಳಪಿನ ಕಡೆಗೇ ಹೊರಳುತ್ತದೆ. ಇದೇ ರಿವರ್ಸ್ ಸ್ವಿಂಗ್. ಹೆಸರಿನಲ್ಲಿರುವ ತಿರುವುಮುರುವೆಲ್ಲ ಬ್ಯಾಟ್ಸ್‌ಮನ್ನನ ನಿರೀಕ್ಷೆಗೆ ಸೇರಿದ್ದು. ಚೆಂಡು ಗಾಳಿಯ ನಿಯಮವನ್ನು ಎಂದೂ ಮೀರಿಲ್ಲ.

ಈ ವಿದ್ಯೆ ಬೆಳೆದದ್ದು ಪಾಕಿಸ್ತಾನದಲ್ಲಿ. ಒಣಗಿದ ಪಿಚ್ಚು, ಹುಲ್ಲು ವಿರಳವಾದ ಮೈದಾನಗಳ ಮೇಲೆ ಚೆಂಡಿನ ತೊಗಲು ಬೇಗನೆ ತರಚಿಹೋಗುತ್ತಿದ್ದುದರಿಂದ, ಹೊಸ ಚೆಂಡಿನ ಹೊಳಪನ್ನೇ ನೆಚ್ಚಿ ಕೂತ ವೇಗಿಗೆ ಅಲ್ಲಿ ಹೆಚ್ಚು ಹೊತ್ತು ಕೆಲಸವಿರಲಿಲ್ಲ. ಲಾಹೋರಿನ ಸರ್ಫ್ರಾಜ್ ನವಾಜ್ ಈ ಕಲೆಯ ಮೊದಲ ಗುರುವೆಂದು ಹೆಸರಾದವರು. 1979ರ ಮಾರ್ಚಿನಲ್ಲಿ ಮೆಲ್ಬರ್ನಿನಲ್ಲಿ 382 ರನ್ನುಗಳ ಗುರಿ ಬೆನ್ನಟ್ಟಿದ ಆಸ್ಟ್ರೇಲಿಯಾ 3 ವಿಕೆಟ್ಟಿಗೆ 305 ರನ್ ಗಳಿಸಿ ಗೆಲುವಿನ ದಾರಿಯಲ್ಲಿದ್ದಾಗ, ಅವರು 33 ಎಸೆತಗಳಲ್ಲಿ ಕೇವಲ 1 ರನ್ ಕೊಟ್ಟು 7 ವಿಕೆಟ್ ಕಿತ್ತು, ಎದುರಾಳಿಯನ್ನು 310ಕ್ಕೆ ಮುಗಿಸಿದರು. ಅವರಿಂದ ಇಮ್ರಾನ್ ಖಾನ್, ಇಮ್ರಾನರಿಂದ ವಾಸಿಂ ಅಕ್ರಂ ಮತ್ತು ವಕಾರ್ ಯೂನಿಸ್ ಇದನ್ನು ಕಲಿತರು. ಸಂಗೀತದ ಘರಾಣೆಯಂತೆ ಇದು ಹೇಳಿಕೊಟ್ಟು ಸಾಗಿದ ವಿದ್ಯೆ.

1992ರಲ್ಲಿ ಇಂಗ್ಲೆಂಡಿನ ನೆಲದಲ್ಲಿ ವಾಸಿಂ, ವಕಾರ್ ಜೋಡಿ ಟೆಸ್ಟ್ ಸರಣಿಯಲ್ಲಿ 43 ವಿಕೆಟ್ ಪಡೆದು ಪಾಕಿಸ್ತಾನಕ್ಕೆ 2–1ರ ಗೆಲುವು ತಂದಾಗ, ಅಲ್ಲಿನ ಪತ್ರಿಕೆಗಳು ಚೆಂಡನ್ನು ಕೆರೆದು ಕೆಡಿಸಿದ ಆರೋಪ ಹೊರಿಸಿದವು. ಸಂಶಯಕ್ಕೆ ಬುಡವೇ ಇರಲಿಲ್ಲವೆನ್ನಲಾಗದು: ಹಿಂದೊಮ್ಮೆ ಕೌಂಟಿ ಪಂದ್ಯದಲ್ಲಿ ಬಾಟಲಿಯ ಮುಚ್ಚಳ ಬಳಸಿದ್ದನ್ನು ಇಮ್ರಾನ್ 1994ರಲ್ಲಿ ತಾವೇ ಒಪ್ಪಿಕೊಂಡರು. ಆದರೆ 2005ರ ಆಷಸ್ ಸರಣಿಯಲ್ಲಿ ಇಂಗ್ಲೆಂಡಿನ ಬೌಲರುಗಳಾದ ಫ್ಲಿಂಟಾಫ್, ಸೈಮನ್ ಜೋನ್ಸ್ ಇದೇ ಅಸ್ತ್ರದಿಂದ ಆಸ್ಟ್ರೇಲಿಯಾವನ್ನು ಕಾಡಿದಾಗ ಅದೇ ನಾಡು ಇದನ್ನು ಕೌಶಲವೆಂದು ಕೊಂಡಾಡಿತು. ಪದ ಬದಲಾಗಲಿಲ್ಲ, ಎಸೆಯುವ ಕೈ ಬದಲಾಗಿತ್ತು.

ಈ ವಿದ್ಯೆಗೆ ದೊಡ್ಡ ಪೆಟ್ಟು ಬಿದ್ದದ್ದು ನಿಯಮದಿಂದ. 2011ರಿಂದ ಏಕದಿನ ಪಂದ್ಯಗಳಲ್ಲಿ ಎರಡು ತುದಿಗೆ ಎರಡು ಹೊಸ ಚೆಂಡು ಬಂದು, ಒಂದೊಂದಕ್ಕೂ 25 ಓವರು ಮಾತ್ರ ದಕ್ಕಿದ್ದರಿಂದ ಚೆಂಡಿಗೆ ಹಳತಾಗಲು ಪುರಸೊತ್ತೇ ಇರಲಿಲ್ಲ. 2025ರಲ್ಲಿ ಆ ನಿಯಮವನ್ನು ಸಡಿಲಿಸಿ, 34 ಓವರುಗಳ ನಂತರ ಎರಡರಲ್ಲಿ ಒಂದನ್ನೇ ಆರಿಸಿಕೊಂಡು ಕೊನೆಯವರೆಗೆ ಎಸೆಯುವ ಪದ್ಧತಿಯನ್ನು ತರಲಾಯಿತು.